ಸದ್ದಿಲ್ಲದೆ ಮುಚ್ಚುವ ಬಾಗಿಲು: ಮೂರು ತಿರುಪುಗಳ ವ್ಯವಹಾರ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಮಾಡ್ಯುಲರ್ ಅಡುಗೆಮನೆ, ವಾರ್ಡ್‌ರೋಬ್‌ಗಳನ್ನು ತಯಾರಿಸಿ ಕೊಡುವ ನಮ್ಮ ಸಣ್ಣ ಉದ್ದಿಮೆದಾರರು ಇದಕ್ಕೆ ‘ಕೊನೆಯ ಕಂತು ವಸೂಲು ಮಾಡಿ ನೋಡು’ ಎಂಬ ಮೂರನೆಯ ಮಾತನ್ನು ಸೇರಿಸಿದರೆ ಆಶ್ಚರ್ಯವೇನಿಲ್ಲ. ಕೆಲಸವೆಲ್ಲ ಮುಗಿದಿರುತ್ತದೆ. ಹಲಗೆಯ ಬಗ್ಗೆಯಾಗಲಿ, ಲ್ಯಾಮಿನೇಟಿನ ಬಣ್ಣದ ಬಗ್ಗೆಯಾಗಲಿ ಗ್ರಾಹಕರ ತಕರಾರಿರುವುದಿಲ್ಲ. ಆದರೆ ಎರಡು ಬಾಗಿಲುಗಳ ನಡುವಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದೆ. ಒಂದು ಬಾಗಿಲು ಮೆಲ್ಲನೆ ಮುಚ್ಚುವ ಬದಲು ಧಡ್ಡೆಂದು ಬಡಿಯುತ್ತದೆ. ಇನ್ನೊಂದು ಪೂರ್ತಿ ಮುಚ್ಚದೆ ಬೆರಳಷ್ಟು ತೆರೆದೇ ನಿಲ್ಲುತ್ತದೆ. ಇಷ್ಟು ಕಾರಣಕ್ಕೆ ಬಾಕಿ ಹಣ ನಿಂತುಹೋಗುತ್ತದೆ. ಇಷ್ಟು ಕಾರಣಕ್ಕೆ ಹಾರ್ಡ್‌ವೇರ್ ಅಂಗಡಿಗೆ ಹಿಂಜ್‌ಗಳು ಮರಳಿ ಬರುತ್ತವೆ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡಂತೆ, ಇಂತಹ ಸಂದರ್ಭಗಳಲ್ಲಿ ಹಿಂಜನ್ನೇ ಬದಲಾಯಿಸುವ ಪದ್ಧತಿ ನಮ್ಮಲ್ಲಿ ರೂಢಿಯಾಗಿದೆ. ವಾಸ್ತವದಲ್ಲಿ ಈ ಹಿಂಜ್‌ಗಳನ್ನು ಅಳವಡಿಸಿದ ಬಳಿಕವೂ ಮೂರು ದಿಕ್ಕಿನಲ್ಲಿ ಸರಿಹೊಂದಿಸಲು ಅನುಕೂಲವಾಗುವಂತೆಯೇ ರೂಪಿಸಲಾಗಿದೆ. ಒಂದು ಸ್ಕ್ರೂಡ್ರೈವರ್ ಹಾಗೂ ಕಾಲು ಗಂಟೆಯ ವ್ಯವಧಾನವಿದ್ದರೆ ಮನೆಯವರೇ ಇದನ್ನು ಮಾಡಿಕೊಳ್ಳಬಹುದು. ಈ ತಿಳಿವಳಿಕೆಯನ್ನು ಸರಕಿನೊಂದಿಗೇ ಗ್ರಾಹಕರಿಗೆ ತಲುಪಿಸುವ ವರ್ತಕರಿಗೂ ತಯಾರಕರಿಗೂ ಆಗುವ ಲಾಭವೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹಿನ್ನೆಲೆ

ನಮ್ಮ ಮಾರುಕಟ್ಟೆಯಲ್ಲಿ ‘ಆಟೊ ಹಿಂಜ್’ ಎಂದು ಕರೆಯಲಾಗುವ, ಬಾಗಿಲು ಮುಚ್ಚಿದಾಗ ಹೊರಗೆ ಕಾಣದ ಕೀಲು ಯುರೋಪಿನಲ್ಲಿ ಬೆಳೆದ ವಸ್ತು. ಈ ಕ್ಷೇತ್ರದ ಹೆಸರಾಂತ ಸಂಸ್ಥೆಗಳು ಆರಂಭದಲ್ಲಿ ಸಣ್ಣ ಕಾರ್ಖಾನೆಗಳೇ ಆಗಿದ್ದವು ಎಂಬುದು ಗಮನಾರ್ಹ. ಜರ್ಮನಿಯ ಹೆಟಿಶ್ ಸಂಸ್ಥೆ 1888ರಲ್ಲಿ ಗಡಿಯಾರದ ಬಿಡಿಭಾಗಗಳ ತಯಾರಿಕೆಯೊಂದಿಗೆ ಹುಟ್ಟಿತು. ಆಸ್ಟ್ರಿಯಾದ ಜೂಲಿಯಸ್ ಬ್ಲೂಮ್ ಅವರು 1952ರಲ್ಲಿ ಆರಂಭಿಸಿದ ಕಾರ್ಖಾನೆಯ ಮೊದಲ ಉತ್ಪನ್ನ ಕುದುರೆ ಲಾಳಕ್ಕೆ ಹಾಕುವ ಸ್ಟಡ್. ಅದೇ ಸಂಸ್ಥೆ 2001ರಲ್ಲಿ ‘ಬ್ಲೂಮೋಷನ್’ ಎಂಬ ಹೆಸರಿನಲ್ಲಿ ಮೆಲ್ಲನೆ ಮುಚ್ಚುವ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. ಆರಂಭದಲ್ಲಿ ಈ ವ್ಯವಸ್ಥೆ ಪ್ರತ್ಯೇಕ ಬಿಡಿಭಾಗವಾಗಿತ್ತು. ಮುಂದೆ ಅದು ಹಿಂಜಿನ ಒಳಗೇ ಸೇರಿಕೊಂಡಿತು. ಒಂದು ಕಾಲಕ್ಕೆ ದುಬಾರಿ ಅಡುಗೆಮನೆಗಳಿಗೆ ಸೀಮಿತವಾಗಿದ್ದ ಈ ಸೌಲಭ್ಯವನ್ನು ಇಂದು ಜಿಲ್ಲಾ ಕೇಂದ್ರಗಳ ಗ್ರಾಹಕರೂ ಹೆಸರು ಹಿಡಿದು ಕೇಳುತ್ತಿದ್ದಾರೆ.

ಒಳಗಿನ ರಚನೆ

ಹಿಂಜಿನಲ್ಲಿ ಮೂರು ಭಾಗಗಳಿವೆ. ಬಾಗಿಲಿನಲ್ಲಿ ಕೊರೆದ 35 ಮಿ.ಮೀ. ವ್ಯಾಸದ ಗುಳಿಯಲ್ಲಿ ಕೂರುವ ಕಪ್, ಕಪಾಟಿನ ಪಕ್ಕದ ಹಲಗೆಗೆ ಬಿಗಿಯುವ ಪ್ಲೇಟ್ ಹಾಗೂ ಇವೆರಡನ್ನೂ ಜೋಡಿಸುವ ತೋಳು. ಬಾಗಿಲು ಪಕ್ಕದ ಹಲಗೆಯನ್ನು ಪೂರ್ಣವಾಗಿ ಮುಚ್ಚುವುದಾದರೆ 0 ಕ್ರ್ಯಾಂಕ್, ಒಂದೇ ಹಲಗೆಯನ್ನು ಎರಡು ಬಾಗಿಲುಗಳು ಹಂಚಿಕೊಳ್ಳುವುದಾದರೆ 8 ಕ್ರ್ಯಾಂಕ್, ಬಾಗಿಲು ಚೌಕಟ್ಟಿನ ಒಳಗೇ ಕೂರುವುದಾದರೆ 16 ಕ್ರ್ಯಾಂಕ್ ತೋಳನ್ನು ಬಳಸಬೇಕೆಂಬುದು ವ್ಯಾಪಾರಿಗಳಿಗೆ ತಿಳಿದ ವಿಷಯ. ಕ್ರ್ಯಾಂಕ್ ತಪ್ಪಿದ್ದರೆ ಯಾವ ತಿರುಪನ್ನು ಎಷ್ಟು ತಿರುಗಿಸಿದರೂ ಬಾಗಿಲು ಸರಿಯಾಗದು. ಆದ್ದರಿಂದ ದೂರು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಮೆಲ್ಲನೆ ಮುಚ್ಚುವ ಹಿಂಜಿನಲ್ಲಿ ಎರಡು ಶಕ್ತಿಗಳು ಕೆಲಸ ಮಾಡುತ್ತವೆ. ಮುಚ್ಚುವ ಹಾದಿಯ ಕೊನೆಯ ಭಾಗದಲ್ಲಿ ಸ್ಪ್ರಿಂಗ್ ಬಾಗಿಲನ್ನು ಒಳಕ್ಕೆ ಎಳೆಯುತ್ತದೆ. ಅದೇ ಹಂತದಲ್ಲಿ ಡ್ಯಾಂಪರ್ ಎಂಬ ಪುಟ್ಟ ಕೊಳವೆಯೊಳಗಿನ ದಪ್ಪ ಎಣ್ಣೆ ಇಕ್ಕಟ್ಟಾದ ಹಾದಿಯಲ್ಲಿ ಹರಿಯಬೇಕಾಗಿ ಬಂದು, ಬಾಗಿಲಿನ ವೇಗವನ್ನು ತಡೆಯುತ್ತದೆ. ಬಾಗಿಲು ವೇಗವಾಗಿ ಬಂದಷ್ಟೂ ಎಣ್ಣೆಯ ತಡೆ ಹೆಚ್ಚು, ನಿಧಾನವಾದಂತೆ ತಡೆ ಕಡಿಮೆ. ಸ್ಪ್ರಿಂಗ್, ಡ್ಯಾಂಪರ್ ಹಾಗೂ ಬಾಗಿಲಿನ ತೂಕ ಈ ಮೂರರ ಸಮತೋಲನ ತಪ್ಪಿದಾಗ ಬಾಗಿಲು ಬಡಿಯುತ್ತದೆ ಅಥವಾ ಅರ್ಧಕ್ಕೇ ನಿಲ್ಲುತ್ತದೆ. ಚಳಿಗಾಲದ ಮುಂಜಾನೆ ಎಣ್ಣೆ ಇನ್ನಷ್ಟು ದಪ್ಪವಾಗುವುದರಿಂದ ಬಾಗಿಲು ಸ್ವಲ್ಪ ನಿಧಾನಿಸುವುದು ಸಹಜ. ಅದನ್ನು ದೋಷವೆಂದು ಭಾವಿಸಬೇಕಾಗಿಲ್ಲ.

ಮೊದಲು ಪರೀಕ್ಷೆ, ಆಮೇಲೆ ತಿರುಪು

ತಿರುಪಿಗೆ ಕೈ ಹಾಕುವ ಮುನ್ನ ಮೂರು ಅಂಶಗಳನ್ನು ಪರೀಕ್ಷಿಸುವುದು ಅಗತ್ಯ. ಒಂದು, ಕಪಾಟು ಮಟ್ಟವಾಗಿ ಕುಳಿತಿದೆಯೇ ಎಂಬುದನ್ನು ರಸಮಟ್ಟ ಇಟ್ಟು ನೋಡಬೇಕು. ನೆಲದ ಇಳಿಜಾರಿನಿಂದ ಕಪಾಟೇ ವಾಲಿದ್ದರೆ ಅದರ ಕಾಲುಗಳನ್ನು ಏರಿಳಿಸಿ ಸರಿಪಡಿಸಬೇಕೇ ಹೊರತು ಬಾಗಿಲನ್ನಲ್ಲ. ಎರಡು, ಕಪ್ ಹಾಗೂ ಪ್ಲೇಟನ್ನು ಹಿಡಿದಿರುವ ಸ್ಕ್ರೂಗಳು ಬಿಗಿಯಾಗಿವೆಯೇ ಎಂದು ನೋಡಬೇಕು. ಸಡಿಲಗೊಂಡ ಸ್ಕ್ರೂ ಮೇಲೆ ಮಾಡಿದ ಹೊಂದಾಣಿಕೆ ಹೆಚ್ಚು ದಿನ ನಿಲ್ಲದು. ಮೂರು, ಒಳಗಿಟ್ಟ ಪಾತ್ರೆಯ ಹಿಡಿ ಅಥವಾ ಡಬ್ಬಿಯ ಅಂಚು ಬಾಗಿಲಿಗೆ ತಗಲುತ್ತಿದೆಯೇ ಎಂದು ಗಮನಿಸಬೇಕು. ‘ಬಾಗಿಲು ಮುಚ್ಚುತ್ತಿಲ್ಲ’ ಎಂಬ ದೂರಿನ ಹಿಂದೆ ಕೆಲವೊಮ್ಮೆ ಒಂದು ಬಾಣಲೆಯ ಹಿಡಿ ಇರುವುದೂ ಉಂಟು.

ಈ ಕೆಲಸಕ್ಕೆ ಕೈಯಲ್ಲಿ ಹಿಡಿಯುವ ಸ್ಕ್ರೂಡ್ರೈವರ್ ಸಾಕು. ಹಿಂಜ್‌ಗಳ ತಿರುಪುಗಳಿಗೆ ಸಾಮಾನ್ಯವಾಗಿ ಪಿಝಡ್ 2 ತುದಿ ಹೊಂದುತ್ತದೆ. ನೋಟಕ್ಕೆ ಒಂದೇ ರೀತಿ ಕಾಣುವ ಫಿಲಿಪ್ಸ್ ತುದಿಯನ್ನು ಬಳಸಿದರೆ ತಿರುಪಿನ ತಲೆ ಸವೆಯುವ ಸಂಭವವಿದೆ. ಬ್ಯಾಟರಿ ಡ್ರಿಲ್ಲನ್ನು ಬಳಸಲೇಬಾರದು; ಅದರ ರಭಸಕ್ಕೆ ಹಲಗೆಯೊಳಗಿನ ಹಿಡಿತವೇ ಕಿತ್ತುಬರುತ್ತದೆ.

ಮೂರು ದಿಕ್ಕಿನ ಹೊಂದಾಣಿಕೆ

ಎತ್ತರ: ಬಾಗಿಲು ಪಕ್ಕದ ಬಾಗಿಲಿಗಿಂತ ಪೂರ್ತಿಯಾಗಿ ಮೇಲೆ ಅಥವಾ ಕೆಳಗಿದ್ದರೆ ಪ್ಲೇಟಿನ ಸ್ಕ್ರೂಗಳನ್ನು ತುಸು ಸಡಿಲಿಸಿ, ಬಾಗಿಲನ್ನು ಏರಿಸಿ ಅಥವಾ ಇಳಿಸಿ ಮತ್ತೆ ಬಿಗಿಯಬೇಕು. ಕೆಲವು ಉತ್ತಮ ಮಾದರಿಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ತಿರುಪಿರುತ್ತದೆ. ಎಲ್ಲ ಹಿಂಜ್‌ಗಳನ್ನೂ ಸಮನಾಗಿ ಸರಿಸುವುದು ಹಾಗೂ ಆ ವೇಳೆ ಇನ್ನೊಬ್ಬರು ಬಾಗಿಲನ್ನು ಹಿಡಿದಿರುವುದು ಅವಶ್ಯ.

ಪಕ್ಕ: ತೋಳಿನ ಮೇಲೆ ಬಾಗಿಲಿಗೆ ಹತ್ತಿರವಿರುವ ತಿರುಪು ಬಾಗಿಲನ್ನು ಎಡಕ್ಕೆ ಅಥವಾ ಬಲಕ್ಕೆ ಸರಿಸುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಎರಡೂ ಕಡೆಗೆ ಸುಮಾರು 2 ಮಿ.ಮೀ. ಅವಕಾಶವಿರುತ್ತದೆ. ಯಾವ ಕಡೆ ತಿರುಗಿಸಿದರೆ ಬಾಗಿಲು ಎತ್ತ ಸರಿಯುತ್ತದೆ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ಕಾಲು ಸುತ್ತು ತಿರುಗಿಸಿ, ಬಾಗಿಲು ಮುಚ್ಚಿ ನೋಡಿ ಮುಂದುವರಿಯುವುದು ಕ್ಷೇಮ.

ಆಳ: ತೋಳಿನ ಹಿಂಭಾಗದ ತಿರುಪು ಬಾಗಿಲನ್ನು ಕಪಾಟಿನ ಕಡೆಗೆ ಅಥವಾ ಹೊರಕ್ಕೆ ಸರಿಸುತ್ತದೆ. ಸರಳ ಮಾದರಿಗಳಲ್ಲಿ ಈ ತಿರುಪನ್ನು ಸಡಿಲಿಸಿ, ತೋಳನ್ನು ಜಾರಿಸಿ, ಮತ್ತೆ ಬಿಗಿಯಬೇಕು. ಹಿಂಜಿನ ಬದಿಯಲ್ಲಿ ಬಾಗಿಲು ಕಪಾಟಿನ ಅಂಚಿಗೆ ಒತ್ತಿಕೊಂಡಿದ್ದರೆ ಹಿಡಿಯ ಬದಿ ಪೂರ್ತಿ ಮುಚ್ಚದೆ ಪುಟಿದು ನಿಲ್ಲುತ್ತದೆ. ಡ್ಯಾಂಪರ್ ಕೆಟ್ಟಿದೆ ಎಂದು ಭಾವಿಸಲಾಗುವ ಬಾಗಿಲು ಇಷ್ಟರಿಂದಲೇ ಸರಿಹೋಗುವುದುಂಟು.

ಇಲ್ಲಿ ಅನೇಕರಿಗೆ ಅನುಮಾನ ಹುಟ್ಟಿಸುವ ಅಂಶವೊಂದಿದೆ. ಬಾಗಿಲಿನ ಹಿಡಿಯ ಬದಿ ಕೆಳಕ್ಕೆ ಜೋತುಬಿದ್ದಿದ್ದರೆ ಎತ್ತರದ ತಿರುಪನ್ನು ಮುಟ್ಟುವುದು ಸಹಜ ಪ್ರವೃತ್ತಿ. ಆದರೆ ಅದಕ್ಕೆ ಪರಿಹಾರವಿರುವುದು ಪಕ್ಕದ ತಿರುಪಿನಲ್ಲಿ. ಮೇಲಿನ ಹಿಂಜ್ ಬಾಗಿಲನ್ನು ತನ್ನ ಕಡೆಗೆ ಎಳೆದುಕೊಳ್ಳುವಂತೆ, ಕೆಳಗಿನದು ಆಚೆಗೆ ತಳ್ಳುವಂತೆ ತಿರುಗಿಸಿದರೆ ಜೋತುಬಿದ್ದ ಮೂಲೆ ಮೇಲೇಳುತ್ತದೆ. ಲೆಕ್ಕವೂ ಸರಳ: ಎರಡು ಹಿಂಜ್‌ಗಳ ನಡುವಿನ ಅಂತರ 600 ಮಿ.ಮೀ., ಬಾಗಿಲಿನ ಅಗಲವೂ 600 ಮಿ.ಮೀ. ಇದ್ದಲ್ಲಿ, ಮೇಲಿನ ಹಿಂಜನ್ನು 1 ಮಿ.ಮೀ. ಎಳೆದರೆ ಹಿಡಿಯ ಬದಿ 1 ಮಿ.ಮೀ. ಮೇಲೇರುತ್ತದೆ. ಈ ಒಂದು ಸೂತ್ರವನ್ನು ಗ್ರಾಹಕರಿಗೆ ತಿಳಿಸಿಕೊಟ್ಟರೆ ಓರೆಯಾದ ಸಂದಿನ ದೂರುಗಳಿಗೆ ದೂರವಾಣಿಯಲ್ಲೇ ಪರಿಹಾರ ಹೇಳಬಹುದು.

ಮುಚ್ಚುವ ವೇಗದ ಹೊಂದಾಣಿಕೆ

ಬಾಗಿಲು ನೇರವಾದ ಬಳಿಕವೇ ವೇಗದ ವಿಚಾರವನ್ನು ಕೈಗೆತ್ತಿಕೊಳ್ಳಬೇಕು. ಚಿಕ್ಕದಾದ, ಹಗುರವಾದ ಬಾಗಿಲಿಗೆ ಎರಡೂ ಹಿಂಜ್‌ಗಳಲ್ಲಿ ಡ್ಯಾಂಪರ್ ಇದ್ದರೆ ಅದು ಬೇಕಾದುದಕ್ಕಿಂತ ನಿಧಾನವಾಗಿ ಮುಚ್ಚುತ್ತದೆ. ಕೆಲವು ಮಾದರಿಗಳ ಕಪ್ಪಿನಲ್ಲಿ ಡ್ಯಾಂಪರನ್ನು ನಿಷ್ಕ್ರಿಯಗೊಳಿಸುವ ಪುಟ್ಟ ಗುಂಡಿಯಿರುತ್ತದೆ. ಒಂದು ಹಿಂಜಿನಲ್ಲಿ ಅದನ್ನು ಸರಿಸಿದರೆ ಸಾಕು. ಇದಕ್ಕೆ ವಿರುದ್ಧವಾಗಿ ಭಾರದ ಬಾಗಿಲು ಬಡಿಯುತ್ತಿದ್ದರೆ ಗುಂಡಿ ನಿಷ್ಕ್ರಿಯ ಸ್ಥಾನದಲ್ಲಿದೆಯೇ, ಸಾದಾ ಹಿಂಜ್ ಹಾಗೂ ಡ್ಯಾಂಪರ್ ಹಿಂಜ್ ಬೆರಕೆಯಾಗಿವೆಯೇ ಎಂದು ನೋಡಬೇಕು. ಡ್ಯಾಂಪರಿನಿಂದ ಎಣ್ಣೆ ಜಿನುಗಿದ ಗುರುತಿದ್ದರೆ ಮಾತ್ರ ಬದಲಾವಣೆ ಅನಿವಾರ್ಯ. ಬಿಡಿಯಾಗಿ ಸಿಕ್ಕಿಸುವ ಡ್ಯಾಂಪರ್ ಆಗಿದ್ದರೆ ಅದನ್ನಷ್ಟೇ ಬದಲಾಯಿಸಬಹುದು. ಒಳಗೇ ಸೇರಿದ್ದರೆ ಹಿಂಜನ್ನೇ ಬದಲಾಯಿಸಬೇಕು.

ಮೆಲ್ಲನೆ ಸಾಗುತ್ತಿರುವ ಬಾಗಿಲನ್ನು ಅವಸರದಿಂದ ತಳ್ಳಿ ಮುಚ್ಚುವ ಅಭ್ಯಾಸ ಡ್ಯಾಂಪರಿಗೆ ಹಾನಿಕರ. ಹಾಗೆಯೇ ಕಿರುಗುಟ್ಟುವ ಹಿಂಜಿಗೆ ಕೊಬ್ಬರಿ ಎಣ್ಣೆ ಹಚ್ಚುವ ಮನೆಮದ್ದೂ ತರವಲ್ಲ. ಅದು ಹಿಟ್ಟು, ಧೂಳುಗಳನ್ನು ಹಿಡಿದಿಟ್ಟುಕೊಂಡು ಅಂಟಾಗುತ್ತದೆ. ಒಣ ಬಟ್ಟೆಯಿಂದ ಒರೆಸುವುದೇ ಸೂಕ್ತ.

ತೂಕದ ಲೆಕ್ಕ

ಯಾವ ಹೊಂದಾಣಿಕೆಗೂ ಬಗ್ಗದ ದೂರಿಗೆ ಮೂಲ ಕಾರಣ ಹಲವು ಬಾರಿ ತಯಾರಿಕೆಯ ಹಂತದಲ್ಲಿಯೇ ಇರುತ್ತದೆ. ಹಿಂಜ್‌ಗಳ ಸಂಖ್ಯೆ ಬಾಗಿಲಿನ ತೂಕಕ್ಕೆ ಸಾಲದಿರುತ್ತದೆ. 600 ಮಿ.ಮೀ. ಅಗಲದವರೆಗಿನ ಬಾಗಿಲುಗಳಿಗೆ ತಯಾರಕರ ಕೋಷ್ಟಕಗಳು ಸಾಮಾನ್ಯವಾಗಿ ಸೂಚಿಸುವಂತೆ, ಸುಮಾರು 6 ಕೆ.ಜಿ.ವರೆಗೆ 2 ಹಿಂಜ್, 12 ಕೆ.ಜಿ.ವರೆಗೆ 3, 17 ಕೆ.ಜಿ.ವರೆಗೆ 4 ಬೇಕಾಗುತ್ತವೆ. ಎತ್ತರದ ದೃಷ್ಟಿಯಿಂದ ಸುಮಾರು 900 ಮಿ.ಮೀ. ದಾಟಿದ ಬಾಗಿಲಿಗೆ ಮೂರನೆಯ ಹಿಂಜ್ ಅಗತ್ಯ.

ಈಗ ನಮ್ಮಲ್ಲಿ ಬಳಕೆಯಲ್ಲಿರುವ ಬಾಗಿಲೊಂದನ್ನು ತೂಗಿ ನೋಡೋಣ. 720 ಮಿ.ಮೀ. ಎತ್ತರ, 600 ಮಿ.ಮೀ. ಅಗಲದ ಬಾಗಿಲಿನ ವಿಸ್ತೀರ್ಣ 0.432 ಚದರ ಮೀಟರ್. 18 ಮಿ.ಮೀ. ದಪ್ಪದ ಎಂಡಿಎಫ್ ಹಲಗೆ ಚದರ ಮೀಟರಿಗೆ ಸುಮಾರು 13.5 ಕೆ.ಜಿ. ತೂಗುತ್ತದೆ. ಅಂದರೆ ಬಾಗಿಲು ಸುಮಾರು 5.8 ಕೆ.ಜಿ. ಆಯಿತು. ಎರಡೂ ಮುಖಗಳಿಗೆ 1 ಮಿ.ಮೀ. ಲ್ಯಾಮಿನೇಟ್ ಅಂಟಿಸಿದರೆ ಅದರ ತೂಕ ಸುಮಾರು 1.2 ಕೆ.ಜಿ. ಸೇರಿ ಒಟ್ಟು 7 ಕೆ.ಜಿ. ಆಗುತ್ತದೆ, ಹಿಡಿಯ ತೂಕ ಬೇರೆ. ನೋಡಲು ಸಾಧಾರಣವೆನಿಸುವ ಈ ಬಾಗಿಲು ಎರಡು ಹಿಂಜ್‌ಗಳ ಮಿತಿಯನ್ನು ಆಗಲೇ ದಾಟಿದೆ. ಅಂದಾಜು ಪಟ್ಟಿಯಲ್ಲಿ ಒಂದು ಹಿಂಜ್ ಉಳಿಸಿದ ಲಾಭ, ಆರು ತಿಂಗಳಲ್ಲಿ ಜೋತುಬಿದ್ದ ಬಾಗಿಲಿನ ರೂಪದಲ್ಲಿ ನಷ್ಟವಾಗಿ ಮರಳುತ್ತದೆ.

ಬಾಳಿಕೆಯ ಬಗ್ಗೆಯೂ ಇಂತಹುದೇ ಲೆಕ್ಕ ಉಪಯುಕ್ತ. ದಿನಕ್ಕೆ 20 ಬಾರಿ ತೆರೆದು ಮುಚ್ಚುವ ಬಾಗಿಲು ವರ್ಷಕ್ಕೆ 7,300 ಬಾರಿ, ಹತ್ತು ವರ್ಷಗಳಲ್ಲಿ 73,000 ಬಾರಿ ಚಲಿಸುತ್ತದೆ. ಹಿಂಜ್‌ಗಳ ಬಲ ಹಾಗೂ ಬಾಳಿಕೆಯ ಪರೀಕ್ಷೆಗೆ ಯುರೋಪಿನಲ್ಲಿ ಇಎನ್ 15570 ಎಂಬ ಮಾನದಂಡವಿದೆ. ಸಗಟು ಖರೀದಿಯ ವೇಳೆ ‘ಎಷ್ಟು ಆವರ್ತನಗಳಿಗೆ, ಎಷ್ಟು ತೂಕದ ಬಾಗಿಲಿನೊಂದಿಗೆ ಪರೀಕ್ಷೆಯಾಗಿದೆ?’ ಎಂದು ಸರಬರಾಜುದಾರರನ್ನು ಲಿಖಿತವಾಗಿ ಕೇಳುವುದು ವರ್ತಕರ ಹಕ್ಕು.

ಹವಾಮಾನದ ಪಾತ್ರ

ಮಂಗಳೂರು, ಉಡುಪಿ, ಕಾರವಾರದಂತಹ ಕರಾವಳಿ ಪಟ್ಟಣಗಳಲ್ಲಿ ಉಪ್ಪಿನಂಶದ ಗಾಳಿ ಕಬ್ಬಿಣದ ಹಿಂಜನ್ನು ಬೇಗ ತುಕ್ಕು ಹಿಡಿಸುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅಂಚು ಮುಚ್ಚದ ಹಲಗೆ ತೇವ ಹೀರಿ ಉಬ್ಬುತ್ತದೆ. ಸಿಂಕಿನ ಕೆಳಗಿನ ಕಪಾಟಿಗೆ ವರ್ಷವಿಡೀ ಮಳೆಗಾಲವೇ. ಇಂತಹ ಕಡೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಿಂಜ್, ಕುದಿನೀರು ತಾಳಿಕೆಯ ಪ್ಲೈವುಡ್ ಹಾಗೂ ನಾಲ್ಕೂ ಅಂಚುಗಳಿಗೆ ಪಟ್ಟಿ ಅಂಟಿಸುವುದು ಯೋಗ್ಯ. ಉಬ್ಬಿದ ಹಲಗೆಯಲ್ಲಿ ಸ್ಕ್ರೂ ಹಿಡಿತ ತಪ್ಪಿದ್ದರೆ ಹಳೆಯ ತೂತಿಗೆ ಅಂಟು ಸವರಿದ ಮರದ ಬೆಣೆ ತುಂಬಿ, ಒಣಗಿದ ಮೇಲೆ ಹೊಸದಾಗಿ ಕೊರೆಯಬೇಕು. ಉದ್ದದ ಸ್ಕ್ರೂ ಹಾಕಿದರೆ ಅದು ಬಾಗಿಲಿನ ಮುಂಬದಿಗೆ ತೂರಿಬರುವ ಅಪಾಯವಿದೆ. ಮಳೆಗಾಲದಲ್ಲಿ ತುಸು ಬಿಗಿಯಾದ ಬಾಗಿಲನ್ನು ಕೂಡಲೇ ಉಜ್ಜಿ ಕಡಿಮೆ ಮಾಡದೆ, ತಿರುಪಿನಿಂದ ತಾತ್ಕಾಲಿಕವಾಗಿ ಸರಿಸಿ, ಬಿಸಿಲು ಬಂದ ಬಳಿಕ ಮತ್ತೆ ನೋಡುವುದು ವಿವೇಕ.

ವ್ಯವಹಾರದ ದೃಷ್ಟಿಯಿಂದ

ಒಂದು ಅಡುಗೆಮನೆಗೆ 24 ಬಾಗಿಲುಗಳಿವೆ ಎಂದಿಟ್ಟುಕೊಳ್ಳೋಣ. ಬಾಗಿಲಿಗೆ ಎರಡರಂತೆ 48 ಹಿಂಜ್, ಹಿಂಜಿಗೆ ಮೂರರಂತೆ 144 ಹೊಂದಾಣಿಕೆಗಳು. ಪಾತ್ರೆಗಳನ್ನು ಜೋಡಿಸಿ, ಬಾಗಿಲುಗಳನ್ನು ದಿನನಿತ್ಯ ಬಳಸತೊಡಗಿದ ಮೊದಲ ವಾರಗಳಲ್ಲಿ ಇವುಗಳಲ್ಲಿ ಕೆಲವಾದರೂ ಅಲುಗುವುದು ಖಂಡಿತ. ಪ್ರತಿ ಬಾರಿಯೂ ಕೆಲಸಗಾರನನ್ನು ಕಳುಹಿಸುವುದಾದರೆ ಅವನ ಅರ್ಧ ದಿನದ ಕೂಲಿ 600 ರೂ., ಪ್ರಯಾಣ ವೆಚ್ಚ 200 ರೂ. ಎಂದು ಹಿಡಿದರೂ ಮೂರು ಭೇಟಿಗೆ 2,400 ರೂ. ಆಗುತ್ತದೆ. 3 ಲಕ್ಷ ರೂ. ಕೆಲಸದಲ್ಲಿ ಶೇ. 10ರಷ್ಟು ಕೊನೆಯ ಕಂತು ಎಂದರೆ 30,000 ರೂ. ಅದು ಅಲ್ಲಿಯವರೆಗೆ ಕೈಸೇರುವುದಿಲ್ಲ. ಮುಂದಿನ ಮನೆಯ ಕೆಲಸ ಅರ್ಧ ದಿನ ಹಿಂದೆ ಬೀಳುವ ನಷ್ಟ ಈ ಲೆಕ್ಕದಲ್ಲಿ ಸೇರಿಲ್ಲ. ಇದಕ್ಕೆ ಬದಲು, ಕೆಲಸ ಒಪ್ಪಿಸುವ ದಿನ ಮನೆಯವರ ಎದುರಿನಲ್ಲಿ ಒಂದು ಬಾಗಿಲನ್ನು ಬೇಕೆಂದೇ ಓರೆ ಮಾಡಿ, ಅವರ ಕೈಯಿಂದಲೇ ಸರಿಪಡಿಸಿಕೊಂಡರೆ ಖರ್ಚಾಗುವುದು ಇಪ್ಪತ್ತು ನಿಮಿಷ.

ಗ್ರಾಹಕರು ಇಂತಹ ಕೆಲಸ ಮಾಡಲಾರರು ಎಂಬ ಸಂಕೋಚಕ್ಕೆ ಕಾರಣವಿಲ್ಲ. 2022ರ ಜೂನ್ ತಿಂಗಳಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಆರಂಭವಾದ ಐಕಿಯಾ ಮಳಿಗೆ ಪೀಠೋಪಕರಣಗಳನ್ನು ಬಿಡಿಬಿಡಿಯಾಗಿ ಮಾರಿ, ಜೋಡಣೆಯ ಕೆಲಸವನ್ನು ಮನೆಯವರಿಗೇ ಬಿಡುವ ಪದ್ಧತಿಯ ಮೇಲೆ ನಿಂತಿದೆ. ಸ್ಕ್ರೂಡ್ರೈವರ್ ಹಿಡಿದ ಗೃಹಿಣಿ ಇಂದು ಅಪರೂಪವಲ್ಲ. ನಮ್ಮ ಸ್ಥಳೀಯ ತಯಾರಕರಿಗೆ ಇರುವ ಅನುಕೂಲವೆಂದರೆ ಗ್ರಾಹಕರ ಮನೆಬಾಗಿಲಿಗೆ ಹೋಗಿ, ಅವರ ಭಾಷೆಯಲ್ಲೇ ಹೇಳಿಕೊಡಬಲ್ಲ ಸಾಮರ್ಥ್ಯ.

ಇದರಲ್ಲಿ ಕಾನೂನಿನ ಅಂಶವೂ ಇದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ಉತ್ಪನ್ನದ ಹೊಣೆಗಾರಿಕೆಯ ಬಗ್ಗೆ ಪ್ರತ್ಯೇಕ ಅಧ್ಯಾಯವನ್ನೇ ಒಳಗೊಂಡಿದೆ. ಹಾನಿಯನ್ನು ತಡೆಯುವಂತಹ ಸಮರ್ಪಕ ಬಳಕೆಯ ಸೂಚನೆಗಳನ್ನು ನೀಡದಿರುವುದೂ ತಯಾರಕರ ಹೊಣೆಗೆ ಕಾರಣವಾಗಬಹುದು. ತಲೆಯ ಮಟ್ಟಕ್ಕಿಂತ ಮೇಲಿರುವ 7 ಕೆ.ಜಿ. ಬಾಗಿಲು ಕಳಚಿ ಬಿದ್ದರೆ ಉಂಟಾಗುವ ಅನಾಹುತವನ್ನು ಯೋಚಿಸಿದರೆ ಬರವಣಿಗೆಯಲ್ಲಿ ಸೂಚನೆ ಕೊಡುವುದು ಎಷ್ಟು ಅವಶ್ಯವೆಂಬುದು ಮನದಟ್ಟಾಗುತ್ತದೆ.

ಮಾದರಿ ಕರಪತ್ರ

ಸದಸ್ಯ ಬಾಂಧವರು ತಮ್ಮ ಅಂಗಡಿಯ ಹೆಸರು, ದೂರವಾಣಿ ಸಂಖ್ಯೆ ಸೇರಿಸಿ ಕೆಳಗಿನ ಒಕ್ಕಣೆಯನ್ನು ಮುದ್ರಿಸಿ, ಪ್ರತಿ ಬಿಲ್ಲಿನೊಂದಿಗೆ ನೀಡಬಹುದು.

1. ವರ್ಷಕ್ಕೆ ಎರಡು ಬಾರಿ, ಮಳೆಗಾಲದ ಮುನ್ನ ಹಾಗೂ ನಂತರ, ಹಿಂಜಿನ ಎಲ್ಲ ಸ್ಕ್ರೂಗಳನ್ನು ಕೈಯಿಂದ ಬಿಗಿ ಮಾಡಿರಿ. ಡ್ರಿಲ್ ಬಳಸಬೇಡಿರಿ.

2. ಬಾಗಿಲು ಪೂರ್ತಿ ಮೇಲೆ ಅಥವಾ ಕೆಳಗಿದ್ದರೆ: ಪ್ಲೇಟಿನ ಸ್ಕ್ರೂ. ಓರೆಯಾಗಿದ್ದರೆ: ಬಾಗಿಲಿಗೆ ಹತ್ತಿರದ ತಿರುಪು. ಹಿಂಜಿನ ಬದಿ ಒತ್ತಿಕೊಂಡಿದ್ದರೆ: ಹಿಂಭಾಗದ ತಿರುಪು.

3. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿರಿ. ಬಾಗಿಲು ಮುಚ್ಚಿ ನೋಡಿ ಮುಂದುವರಿಯಿರಿ.

4. ಸ್ಕ್ರೂ ಸಡಿಲಿಸುವಾಗ ಇನ್ನೊಬ್ಬರು ಬಾಗಿಲನ್ನು ಹಿಡಿದಿರಲಿ. ಮಕ್ಕಳನ್ನು ದೂರವಿರಿಸಿರಿ.

5. ಕ್ಲಿಪ್ ಹಿಂಜಿನ ಬಾಗಿಲು ಕಳಚುವಾಗ ಕೆಳಗಿನಿಂದ ಮೇಲಕ್ಕೆ, ತೊಡಿಸುವಾಗ ಮೇಲಿನಿಂದ ಕೆಳಕ್ಕೆ.

6. ಎಣ್ಣೆ ಹಚ್ಚಬೇಡಿರಿ, ಬಾಗಿಲನ್ನು ತಳ್ಳಿ ಮುಚ್ಚಬೇಡಿರಿ.

7. ಹಲಗೆ ಉಬ್ಬಿದ್ದರೆ, ಎಣ್ಣೆ ಜಿನುಗಿದ್ದರೆ, ಸ್ಕ್ರೂ ಹಿಡಿತ ತಪ್ಪಿದ್ದರೆ ನಮಗೆ ಕರೆ ಮಾಡಿರಿ.

ಕೊನೆಯ ಸೂಚನೆ ಮಹತ್ವದ್ದು. ಗ್ರಾಹಕರು ತಾವೇ ಮಾಡಬಹುದಾದುದು ಯಾವುದು, ನಮ್ಮನ್ನು ಕರೆಯಬೇಕಾದುದು ಯಾವಾಗ ಎಂಬ ಗೆರೆಯನ್ನು ಅದು ಎಳೆಯುತ್ತದೆ. ಹೀಗಾದಾಗ ನುರಿತ ಕೆಲಸಗಾರರ ಸಮಯ ನಿಜವಾದ ದುರಸ್ತಿಗೆ ಮೀಸಲಾಗುತ್ತದೆ. ಅದಕ್ಕೆ ಯೋಗ್ಯ ಶುಲ್ಕವನ್ನು ಕೇಳಲೂ ಸಂಕೋಚವಾಗುವುದಿಲ್ಲ.

ಹಿಂಜ್ ಎಂಬುದು ಅಡುಗೆಮನೆಯ ಒಟ್ಟು ಬೆಲೆಯಲ್ಲಿ ಅಲ್ಪ ಪಾಲಿನ ವಸ್ತು. ಆದರೆ ಮನೆಯವರ ಕೈ ದಿನಕ್ಕೆ ಹತ್ತಾರು ಬಾರಿ ಹೋಗುವುದು ಅದು ಹಿಡಿದು ನಿಲ್ಲಿಸಿದ ಬಾಗಿಲಿಗೆ, ಹಾಗೂ ಕೆಲಸ ಮಾಡಿಕೊಟ್ಟವರ ಹೆಸರು ನೆನಪಾಗುವುದೂ ಆಗಲೇ. ಉತ್ತಮ ಹಿಂಜನ್ನು ಆರಿಸುವುದು, ತೂಕಕ್ಕೆ ತಕ್ಕಷ್ಟು ಸಂಖ್ಯೆಯಲ್ಲಿ ಹಾಕುವುದು, ಅದನ್ನು ಹೊಂದಿಸುವ ವಿದ್ಯೆಯನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಡುವುದು ಈ ಮೂರನ್ನೂ ನಮ್ಮ ವರ್ತಕರು ಹಾಗೂ ತಯಾರಕರು ರೂಢಿಸಿಕೊಂಡಲ್ಲಿ ದೂರುಗಳು ಕಡಿಮೆಯಾಗಿ, ಕೊನೆಯ ಕಂತು ಸಕಾಲದಲ್ಲಿ ಕೈಸೇರುವುದರಲ್ಲಿ ಸಂದೇಹವಿಲ್ಲ.